58 ತುಂಬುತ್ತಿದೆ: ಪಿಎಫ್ ಪೆನ್ಶನ್ ಈಗಲೇ ತಗೊಳ್ಳುವುದಾ, 60ರವರೆಗೆ ಬಿಡುವುದಾ?

ಲೆಕ್ಕದ ಪುಸ್ತಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನನಗೆ 58. ಇಲ್ಲೇ ಒಂದು ಖಾಸಗಿ ಕಂಪನಿಯಲ್ಲಿ 24 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಯಜಮಾನರು ಇನ್ನೂ ಎರಡು ವರ್ಷ ಇರಿ ಅಂದಿದ್ದಾರೆ. ನನ್ನ ಲೆಕ್ಕದಲ್ಲಿ ಪಿಎಫ್ ಪೆನ್ಶನ್ ತಿಂಗಳಿಗೆ ಸುಮಾರು 3,900 ಬರುತ್ತದೆ. 20 ವರ್ಷ ಸರ್ವೀಸ್ ದಾಟಿದವರಿಗೆ ಬೋನಸ್ ಆಗಿ ಸೇರಿಸುವ ಎರಡು ವರ್ಷವನ್ನೂ ಹಿಡಿದೇ ಇಷ್ಟು. ಯಾಕೆಂದರೆ 15,000ಕ್ಕಿಂತ ಮೇಲಿನ ಸಂಬಳ ಲೆಕ್ಕಕ್ಕಿಲ್ಲ, 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸರ್ವೀಸಿಗೆ 6,500 ಅಷ್ಟೇ.

ಮೊನ್ನೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಗೆಳೆಯರೊಬ್ಬರು ತಲೆಗೆ ಹುಳ ಬಿಟ್ಟರು. ಈಗ ತಗೋಬೇಡ, 60ರವರೆಗೆ ಮುಂದೂಡಿದರೆ ವರ್ಷಕ್ಕೆ ನೂರಕ್ಕೆ 4ರಂತೆ ಜಾಸ್ತಿ ಕೊಡುತ್ತಾರೆ ಅಂತ. ಹೌದಾ? ಲಾಭ ಇದೆಯಾ?

ಇನ್ನೊಂದು ಹೊಟ್ಟೆಯುರಿ, ಬೈಯಬೇಡಿ. ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಒಂದು ಸಲ ಡಿಎ ಏರಿದರೆ ಸಿಗುವ ದುಡ್ಡು ನನ್ನ ಅರ್ಧ ತಿಂಗಳ ಪೆನ್ಶನ್‌ಗೆ ಹತ್ತಿರ ಬರುತ್ತದೆ. ನನ್ನದಕ್ಕೆ ಡಿಎ ಅನ್ನುವುದೇ ಇಲ್ಲ.

ಎಣ್ಣೆಮಿಲ್, ಚಳ್ಳಕೆರೆ

ಅಣ್ಣಾ, ನಿಯಮ ಇರುವುದು ನಿಜ, 2016ರಲ್ಲಿ ಬಂತು. 59ಕ್ಕೆ ತಗೊಂಡರೆ 4, 60ಕ್ಕೆ 8.16. ಅದರಾಚೆ ಇಲ್ಲ. ಆದರೆ ಪೆನ್ಸಿಲ್ ಹಿಡಿದು ನೋಡಿ. ಎರಡು ವರ್ಷ ಬಿಟ್ಟರೆ ಕೈಬಿಟ್ಟು ಹೋಗುವುದು 93,600. ಸಿಗುವುದು ತಿಂಗಳಿಗೆ 318 ಜಾಸ್ತಿ. ಬಿಟ್ಟ ದುಡ್ಡು ವಾಪಸ್ ಬರಲು ಇಪ್ಪತ್ತನಾಲ್ಕೂವರೆ ವರ್ಷ, ಅಂದರೆ ನಿಮಗೆ 84 ದಾಟಿರುತ್ತದೆ!

ಅದೇ 93,600ನ್ನು ಕೂಡಿಟ್ಟು 60 ಆದ ಮೇಲೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಸ್ಕೀಮಿಗೆ ಹಾಕಿ. ಶೇ 8.2ರ ಬಡ್ಡಿಯಲ್ಲಿ ತಿಂಗಳಿಗೆ ಸುಮಾರು 640 ಆಯಿತು, ಅಸಲು ಹಾಗೇ ಇರುತ್ತದೆ. ನಾವು ಶೇಂಗಾ ಕೂಡ ರೇಟು ಬರಲಿ ಅಂತ ಇಷ್ಟು ದಿನ ಮೂಟೆ ಕಟ್ಟಿ ಇಡುವುದಿಲ್ಲ.

ಲೆಕ್ಕದ ಪುಸ್ತಕ

ಆದರೆ ನಾನು ಕೆಲಸ ಬಿಡುತ್ತಿಲ್ಲವಲ್ಲ? ಆ ಎರಡು ವರ್ಷವೂ ಪೆನ್ಶನ್ ಫಂಡಿಗೆ ಕಟ್ಟಿದರೆ ಸರ್ವೀಸೂ ಸೇರುತ್ತದಂತೆ.

ಎಣ್ಣೆಮಿಲ್, ಚಳ್ಳಕೆರೆ

ಸೇರುತ್ತದೆ, ಅದನ್ನು ಹೇಳಲು ಮರೆತೆ. ಕಟ್ಟುತ್ತಾ ಮುಂದೂಡಿದರೆ 3,900ಕ್ಕೆ ಇನ್ನೊಂದು 428 ಸೇರಿ, ಅದರ ಮೇಲೆ 8.16 ಏರಿ 4,681 ಆಗುತ್ತದೆ. 781 ಜಾಸ್ತಿ. ಕೇಳೋಕೆ ಚೆನ್ನಾಗಿದೆ. ಆದರೆ 58ಕ್ಕೇ ಪೆನ್ಶನ್ ತಗೊಂಡು ಕೆಲಸದಲ್ಲಿ ಮುಂದುವರಿದರೆ ಮಾಲೀಕರು ತಿಂಗಳಿಗೆ ಪೆನ್ಶನ್‌ಗೆ ಕಟ್ಟುತ್ತಿದ್ದ 1,250 ನಿಮ್ಮ ಪಿಎಫ್ ಖಾತೆಗೇ ಬೀಳುತ್ತದೆ. ಎರಡು ವರ್ಷಕ್ಕೆ 30,000. ಆಗ ನೀವು ಬಿಡುವುದು 1,23,600, ಅದು ತುಂಬಿಬರಲು 13 ವರ್ಷ. ಇಷ್ಟನ್ನೂ ಅಂಚೆಯಲ್ಲಿಟ್ಟರೆ ತಿಂಗಳಿಗೆ 845 ಬಡ್ಡಿ. ಈಗಲೂ ಈಗ ತಗೊಳ್ಳುವುದೇ ಮೇಲು. ದುಡ್ಡು ಬಂದ ಹಾಗೆ ಖರ್ಚು ಮಾಡುವ ಕೈ ನಿಮ್ಮದಾದರೆ ಮಾತ್ರ ಮುಂದೂಡಿ, ಅದು ಬೇರೆ ವಿಷಯ.

ಒಂದು ಎಚ್ಚರ. ಸುಮ್ನೆ ತಡವಾಗಿ ಅರ್ಜಿ ಹಾಕುವುದೇ ಬೇರೆ, ಮುಂದೂಡುತ್ತೇನೆ ಅಂತ ಬರೆದುಕೊಡುವುದೇ ಬೇರೆ. ನಮ್ಮ ಭಾವ ಮರೆತು 61ಕ್ಕೆ ಅರ್ಜಿ ಕೊಟ್ಟರು. 58 ತುಂಬಿದ ಮರುದಿನದಿಂದ ಲೆಕ್ಕ ಹಾಕಿ ಮೂರು ವರ್ಷದ ಬಾಕಿ ಒಟ್ಟಿಗೆ ಬಂತು. ಬಡ್ಡಿ ಇಲ್ಲ, 4ರ ಏರಿಕೆಯೂ ಇಲ್ಲ.

ಹೊಸದುರ್ಗದ ಹುಡುಗಿ

ನಿಮ್ಮ ಭಾವ ಪುಣ್ಯವಂತರು ಬಿಡಿ. ನಮ್ಮ ಅವ್ವ ಇಡೀ ಜೀವನ ಕೂಲಿ ಮಾಡಿದವಳು. ಸರ್ಕಾರ ಕೊಡುವ ವೃದ್ಧಾಪ್ಯ ಪೆನ್ಶನ್ ಸಂಧ್ಯಾ ಸುರಕ್ಷಾಕ್ಕೆ 65 ಆಗಿರಬೇಕು. ಅವ್ವನ ಆಧಾರ್‌ನಲ್ಲಿ ಯಾರೋ ಐದು ವರ್ಷ ಕಡಿಮೆ ಬರೆದಿದ್ದರು. ಅದನ್ನು ತಿದ್ದಿಸುವಷ್ಟರಲ್ಲಿ 68. ಮಂಜೂರಾದ ಮೇಲೆ, ಹಿಂದಿನ ಮೂರು ವರ್ಷದ್ದು ಕೊಡುತ್ತೀರಾ ಅಂತ ಕೇಳಿದೆ. ಅರ್ಜಿ ಕೊಟ್ಟಿದ್ದು ಯಾವಾಗಮ್ಮ ಅಂದರು ಅಷ್ಟೇ, ಮಾತು ಮುಗೀತು. ತಿಂಗಳಿಗೆ 1,200ರಂತೆ 43,200 ಹೋಯಿತು. ಪಿಎಫ್‌ನವರಿಗೆ ಹಿಂದಿನದೆಲ್ಲ ಸಿಗುತ್ತೆ, ಕೂಲಿಯವಳಿಗೆ ಯಾಕಿಲ್ಲ?

ಎಣ್ಣೆಮಿಲ್, ಚಳ್ಳಕೆರೆ

ಅಕ್ಕಾ, ನಿಮ್ಮ ಮಾತು ಸರಿ. ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಪಿಎಫ್ ಪೆನ್ಶನ್ನಿನ ಕನಿಷ್ಠ ಮೊತ್ತ 1,000 ಅಂತ ಆಗಿದ್ದು 2014ರಲ್ಲಿ. ನಮ್ಮ ಮಿಲ್ಲಿನಲ್ಲಿ ಮೂಟೆ ಹೊತ್ತವರೊಬ್ಬರು ಅಷ್ಟನ್ನೇ ತಗೊಳ್ಳುತ್ತಿದ್ದಾರೆ. ಬೇರೆ ಪೆನ್ಶನ್ ಇರುವುದರಿಂದ ಅವರಿಗೆ ಸಂಧ್ಯಾ ಸುರಕ್ಷಾ ಇಲ್ಲ. ಹತ್ತು ವರ್ಷ ಕಟ್ಟಿಸಿಕೊಂಡವನಿಗೆ 1,000, ಏನೂ ಕಟ್ಟದಿದ್ದವರಿಗೆ 1,200. ಅವ್ವನಿಗೆ ಜಾಸ್ತಿ ಸಿಕ್ಕಿತು ಅಂತ ಅಲ್ಲ, ಇಬ್ಬರದ್ದೂ ಒಂದು ಸಿಲಿಂಡರಿಗೆ ಆಚೀಚೆ ಅಷ್ಟೇ.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

ಎದುರುಮನೆ ಮೇಷ್ಟ್ರ ಪರವಾಗಿ ನಾನೇ ಬರೆಯುತ್ತೇನೆ, ಅವರಿಗೆ ಇದು ಗೊತ್ತಿರಲಿಕ್ಕಿಲ್ಲ. ನನ್ನ ಪೆನ್ಶನ್ ಕೊನೆಯ ಸಂಬಳದ ಅರ್ಧದ ಹತ್ತಿರ, ಮೇಲೆ ಡಿಎ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಸಂಬಳದಲ್ಲಿ ಮುರಿದು ಕೂಡಿಡುವ ಹೊಸ ಪೆನ್ಶನ್, ಅಂದರೆ ಎನ್‌ಪಿಎಸ್. ನನ್ನ ಪಕ್ಕದ ಕೋಣೆಯಲ್ಲಿ ಅದೇ ಪಾಠ ಹೇಳುತ್ತಿದ್ದ ಹುಡುಗನಿಗೆ ನನ್ನಂಥ ಪೆನ್ಶನ್ ಇಲ್ಲ. ಅವನು ನನ್ನ ಬೀಳ್ಕೊಡುಗೆಯ ದಿನ ಹಾರ ಹಾಕುತ್ತಾ, ಸಾರ್ ನೀವು ಕೊನೇ ಬಸ್ಸು ಹಿಡಿದಿರಿ ಅಂದ. ನನ್ನದನ್ನು ಕಿತ್ತರೆ ನಿಮ್ಮ 3,900 ಒಂದು ರೂಪಾಯಿ ಏರುತ್ತದಾ? ಕಿತ್ತಾಡಬೇಕಾದ್ದು ನನ್ನ ಹತ್ತಿರ ಅಲ್ಲ.

ಲೆಕ್ಕದ ಪುಸ್ತಕ

ಮೇಷ್ಟ್ರೇ, ಹೊಟ್ಟೆಯುರಿ ಅಂತ ಮೊದಲೇ ಹೇಳಿದ್ದೆ, ತಪ್ಪು ತಿಳಿಯಬೇಡಿ. ಹೊಸದುರ್ಗದ ತಂಗಿ, ನಿಮ್ಮ ಅವ್ವನದ್ದು ಓದಿ ಬೇಜಾರಾಯಿತು. ಮುಂದೂಡುವುದು ಬೇಡ ಅಂತ ತೀರ್ಮಾನಿಸಿದೆ. ಪೆನ್ಶನ್ ಅರ್ಜಿಯ 10ಡಿ ಫಾರಂ ತಂದಿದ್ದೇನೆ. ಗಂಡ ಹೆಂಡತಿ ಜೊತೆಗಿರುವ ಫೋಟೋ ಬೇಕು ಅಂದರು. ಮದುವೆಯ ಆಲ್ಬಂ ಬಿಟ್ಟರೆ ನಾವಿಬ್ಬರೇ ಇರುವ ಫೋಟೋ ಮನೆಯಲ್ಲಿ ಒಂದೂ ಇಲ್ಲ. ಭಾನುವಾರ ಸ್ಟುಡಿಯೋಗೆ ಹೋಗಬೇಕು, ಇವಳು ಯಾವ ಸೀರೆ ಅಂತ ಈಗಲೇ ಶುರು ಮಾಡಿದ್ದಾಳೆ.