ಸಮುದ್ರದ ನೀರು ವಿನೆಗರ್ ಅಲ್ಲವಲ್ಲ, ಮತ್ತೆ ಚಿಪ್ಪು ಕರಗುವುದು ಹೇಗೆ?

ಹೈಸ್ಕೂಲು ಶಿಕ್ಷಕಿ, ಹನುಮಂತನಗರ:
ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವಾರ ಮೊಟ್ಟೆಯ ಸಿಪ್ಪೆಯನ್ನು ವಿನೆಗರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದನ್ನು ಮಕ್ಕಳಿಗೆ ತೋರಿಸಿದೆ. ಧ್ರುವ ಸಾಗರಗಳಲ್ಲಿ ರೆಕ್ಕೆ ಬಡಿಯುತ್ತಾ ತೇಲುವ ಪುಟ್ಟ ಬಸವನಹುಳುಗಳ, ಅಂದರೆ ಟೆರೊಪಾಡ್‌ಗಳ, ಚಿಪ್ಪಿಗೂ ಇದೇ ಗತಿ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: "ಮೇಡಂ, ಸಮುದ್ರದ ಪಿಎಚ್ 8.2 ಇದ್ದದ್ದು 8.1 ಆಗಿದೆ ಎಂದು ನೀವೇ ಬರೆಸಿದ್ದೀರಿ. ಏಳಕ್ಕಿಂತ ಮೇಲಿದ್ದರೆ ಅದು ಕ್ಷಾರವೇ ತಾನೇ? ಕ್ಷಾರದಲ್ಲಿ ಸುಣ್ಣ ಕರಗುತ್ತದೆಯೇ?"

ಉತ್ತರ ತೋಚಲಿಲ್ಲ. ಸೋಮವಾರ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಜಯನಗರ:
ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ವಿನೆಗರಿನ ಹೋಲಿಕೆಯನ್ನು ಬಿಟ್ಟುಬಿಡಿ, ಉಪ್ಪು ತೆಗೆದುಕೊಳ್ಳಿ. ಇನ್ನು ಕರಗಲಾರದಷ್ಟು ಉಪ್ಪು ತುಂಬಿದ ನೀರಿಗೆ ಹರಳುಪ್ಪು ಹಾಕಿದರೆ ಅದು ತಳದಲ್ಲಿ ಹಾಗೆಯೇ ಕೂರುತ್ತದೆ. ಅದೇ ಪಾತ್ರೆಗೆ ಒಂದು ಲೋಟ ಸಿಹಿನೀರು ಸುರಿಯಿರಿ, ಹರಳು ಸವೆಯತೊಡಗುತ್ತದೆ. ಅಲ್ಲಿ ಹುಳಿ ಎಲ್ಲಿದೆ?

ಚಿಪ್ಪಿನ ಕಥೆಯೂ ಅಷ್ಟೇ. ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದಾಗ ಹುಟ್ಟುವ ಹೈಡ್ರೋಜನ್ ಅಯಾನುಗಳು ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತವೆ. ಚಿಪ್ಪು ಕಟ್ಟಲು ಬೇಕಾದದ್ದು ಕಾರ್ಬೊನೇಟ್. ಅದು ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಪಿಎಚ್ ಎಂಟರ ಆಸುಪಾಸಿನಲ್ಲಿದ್ದರೂ, ಕಟ್ಟಿದ ಚಿಪ್ಪೇ ಕರಗಲು ಶುರುವಾಗುತ್ತದೆ. 0.1 ಅಂಕ ಎಂದರೆ ಅಲ್ಪವೆಂದು ತಿಳಿಯಬೇಡಿ, ಹೈಡ್ರೋಜನ್ ಅಯಾನು ಕಾಲುಭಾಗ ಹೆಚ್ಚಿದೆ ಎಂದರ್ಥ.

ಧ್ರುವಗಳೇ ಏಕೆ ಎಂದು ಕೇಳಿದರೆ ಎರಡು ಗೋಲಿ ಸೋಡಾ ಕೊಂಡೊಯ್ಯಿರಿ, ಒಂದು ತಣ್ಣಗಿನದು, ಒಂದು ಬಿಸಿಲಿನಲ್ಲಿಟ್ಟದ್ದು. ಯಾವುದು ಉಕ್ಕುತ್ತದೆ ನೋಡಲಿ. ತಣ್ಣೀರು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರ್ಕ್ಟಿಕ್‌ನಲ್ಲಿ ಕರಗಿದ ಮಂಜಿನ ಸಿಹಿನೀರು ಬೇರೆ ಸೇರಿ ಕಾರ್ಬೊನೇಟನ್ನು ಇನ್ನಷ್ಟು ತೆಳುವಾಗಿಸುತ್ತದೆ.

ಸಾಗರ ವಿಜ್ಞಾನದ ವಿದ್ಯಾರ್ಥಿ, ಯಶವಂತಪುರ:
ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಟೆರೊಪಾಡ್‌ನ ಚಿಪ್ಪು ಅರಗೊನೈಟ್. ಮೊಟ್ಟೆಯ ಸಿಪ್ಪೆ ಕ್ಯಾಲ್ಸೈಟ್. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಆದರೆ ಅರಗೊನೈಟ್ ಬೇಗ ಕರಗುತ್ತದೆ. 2008ರಲ್ಲಿ ಅಂಟಾರ್ಕ್ಟಿಕಾ ಬಳಿಯ ಸ್ಕೋಷಿಯಾ ಸಮುದ್ರದಲ್ಲಿ ಹಿಡಿದ ಲಿಮಸೈನಾ ಎಂಬ ಟೆರೊಪಾಡ್‌ಗಳ ಚಿಪ್ಪು ತೀವ್ರವಾಗಿ ಸವೆದಿದ್ದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. 2012ರಲ್ಲಿ ಅದು ಪ್ರಕಟವಾಯಿತು. ಕ್ಯಾಲ್ಸೈಟ್ ಚಿಪ್ಪಿನ ಫೊರಾಮಿನಿಫೆರಾಗಳೂ, ಅಂದರೆ ಚಿಪ್ಪುಳ್ಳ ಏಕಕೋಶ ಜೀವಿಗಳೂ, ಪಾರಾಗಿಲ್ಲ. ದಕ್ಷಿಣ ಸಾಗರದ ಒಂದು ಜಾತಿಯ ಇಂದಿನ ಚಿಪ್ಪು, ತಳದ ಕೆಸರಿನಲ್ಲಿ ಸಿಕ್ಕ ಹಳೆಯ ಚಿಪ್ಪಿಗಿಂತ ಶೇ 30ರಿಂದ 35ರಷ್ಟು ಹಗುರ ಎಂದು 2009ರಲ್ಲೇ ವರದಿಯಾಗಿತ್ತು.

ಆದರೆ ಮೇಡಂ, ಎಲ್ಲವೂ ಕರಗಿಹೋಗುತ್ತವೆ ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ಟೆರೊಪಾಡ್‌ನ ಚಿಪ್ಪಿನ ಮೇಲೆ ತೆಳುವಾದ ಒಂದು ಪೊರೆ ಇದೆ. ಅದು ಹರಿಯದಿರುವಷ್ಟು ಕಾಲ ಒಳಗಿನ ಸುಣ್ಣಕ್ಕೆ ರಕ್ಷಣೆ. ಹರಿದು ಸವೆದ ಕಡೆ ಜೀವಿ ಒಳಗಿನಿಂದ ಹೊಸ ಪದರ ಕಟ್ಟಿ ತೇಪೆ ಹಾಕಿಕೊಳ್ಳುವುದನ್ನೂ ಆರ್ಕ್ಟಿಕ್‌ನಲ್ಲಿ ಕಂಡಿದ್ದಾರೆ. ಆ ತೇಪೆಗೆ ತಗಲುವ ಶಕ್ತಿಯನ್ನು ಅದು ತಿಂದ ಆಹಾರದಿಂದಲೇ ತೆಗೆಯಬೇಕು. ನನ್ನನ್ನು ಕಾಡುವುದು ಅದು.

ಹೈಸ್ಕೂಲು ಶಿಕ್ಷಕಿ, ಹನುಮಂತನಗರ:
ಇಬ್ಬರಿಗೂ ಮನಸಾರೆ ವಂದನೆ. ಪೊರೆಯ ವಿಷಯ ಓದಿದೊಡನೆ ಹಿತ್ತಲಿಗೆ ಹೋದೆ. ಮಳೆಗಾಲದಲ್ಲಿ ನಮ್ಮ ದಾಸವಾಳದ ಬುಡವನ್ನೆಲ್ಲ ಮುತ್ತುವ ದೊಡ್ಡ ಆಫ್ರಿಕನ್ ಬಸವನಹುಳುವಿನ ಖಾಲಿ ಚಿಪ್ಪೊಂದು ಸಿಕ್ಕಿತು. ಅರ್ಧ ಕಂದು ಪೊರೆ ಹಾಗೆಯೇ ಇತ್ತು, ಇನ್ನರ್ಧ ಸುಲಿದು ಬೆಳ್ಳಗಾಗಿತ್ತು. ಬಟ್ಟಲಿನ ವಿನೆಗರಿನಲ್ಲಿ ಇಟ್ಟೆ. ಬಿಳಿಯ ಭಾಗದಿಂದ ತಕ್ಷಣ ಗುಳ್ಳೆಗಳ ಸಾಲು ಎದ್ದಿತು. ಕಂದು ಭಾಗ ಬಹಳ ಹೊತ್ತು ಸುಮ್ಮನಿತ್ತು. ಪೊರೆಯ ಬಿರುಕಿನ ಗೆರೆಯುದ್ದಕ್ಕೆ ಮಾತ್ರ ಸಣ್ಣ ಗುಳ್ಳೆಗಳು, ದಾರಕ್ಕೆ ಮಣಿ ಪೋಣಿಸಿದ ಹಾಗೆ.

ಸೋಮವಾರ ಉಪ್ಪು, ಸೋಡಾ, ಈ ಚಿಪ್ಪು ಮೂರನ್ನೂ ಒಯ್ಯುತ್ತೇನೆ. ಮೊದಲು ಆ ಹುಡುಗಿಯ ಕೈಗೇ ಕೊಡುತ್ತೇನೆ.