ಹಳೇ ಸಾಫ್ಟ್‌ವೇರ್ ಸೀಡಿಗಳ ಬ್ಯಾಕಪ್: ಫೈಲ್ ಕಾಪಿ ಮಾಡಿದರೆ ಸಾಕೋ, ಇಮೇಜ್ ತೆಗೆಯಬೇಕೋ?

ಅಕ್ಷರಜೋಡಣೆ:
ನಮಸ್ಕಾರ. ದುಡ್ಡು ಕೊಟ್ಟು ತಗೊಂಡ ಸೀಡಿಗಳಿವೆ: ವಿಂಡೋಸ್ ಎಕ್ಸ್‌ಪಿ, ಯೂನಿಕೋಡ್‌ಗೂ ಮುಂಚಿನ ಒಂದು ಕನ್ನಡ ಡಿಟಿಪಿ ಪ್ಯಾಕೇಜ್ (ಡಾಂಗಲ್ ಸಮೇತ, ಅಂದ್ರೆ ಕಂಪ್ಯೂಟರಿಗೆ ಚುಚ್ಚಿದರಷ್ಟೇ ಸಾಫ್ಟ್‌ವೇರ್ ನಡೆಯುವ ಕೀಲಿ ಸಾಧನ), ಕೆಲವು ಗೇಮ್‌ಗಳು. ಡಿಟಿಪಿ ಸೀಡಿಯ ಫೈಲುಗಳನ್ನು ಫೋಲ್ಡರಿಗೆ ಎಳೆದು ಹಾಕಿದರೆ ಅರ್ಧಕ್ಕೆ ನಿಂತು ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎರರ್ (ಡೇಟಾ ಸರಿಯಾಗಿ ಓದಲಾಗಲಿಲ್ಲ ಅಂತ) ಬರುತ್ತೆ. ಯುಎಸ್‌ಬಿ ಡಿವಿಡಿ ಡ್ರೈವ್, ವಿಂಡೋಸ್ 10. ಸರಿಯಾದ ಕ್ರಮ ಹೇಳ್ತೀರಾ? ಕಾನೂನಿನ ಅಡ್ಡಿ ಏನಾದ್ರೂ ಇದೆಯಾ?

ಸೆಕ್ಟರ್2048:
ಎಳೆದು ಹಾಕೋದು ಬೇಡ. ಫೈಲುಗಳಷ್ಟೇ ಬರುತ್ತವೆ, ಎಕ್ಸ್‌ಪಿ ಸೀಡಿಯ ಬೂಟ್ ಭಾಗ ಬರೋದಿಲ್ಲ. ಡಿಸ್ಕಿನ ವಾಲ್ಯೂಮ್ ಲೇಬಲ್ (ಡಿಸ್ಕಿಗೆ ಕೊಟ್ಟ ಹೆಸರು) ಕೂಡ ಹೋಗುತ್ತೆ, ಕೆಲವು ಇನ್‌ಸ್ಟಾಲರ್‌ಗಳು ಅದನ್ನು ನೋಡದೆ ಮುಂದಕ್ಕೆ ಹೋಗಲ್ಲ.

ಇಮೇಜ್ ತೆಗೀರಿ, ಅಂದ್ರೆ ಇಡೀ ಡಿಸ್ಕನ್ನು ಇದ್ದ ಹಾಗೇ ಫೈಲಾಗಿ ನಕಲಿಸೋದು. ಅದಕ್ಕೆ ಇಮ್ಗ್‌ಬರ್ನ್ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. ‘ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್’ ಆರಿಸಿ, ಓದುವ ವೇಗವನ್ನು 8ಎಕ್ಸ್‌ಗೆ ಇಳಿಸಿ. ಪೂರ್ತಿ ವೇಗದಲ್ಲಿ ಹಳೇ ಡಿಸ್ಕ್ ಅದುರುತ್ತೆ, ಅಂಚಿನ ಹತ್ತಿರ ಎರರ್ ಹೆಚ್ಚುತ್ತೆ. ಡ್ರೈವನ್ನು ಹಬ್‌ಗೆ ಹಾಕದೆ ನೇರ ಕಂಪ್ಯೂಟರಿನ ಹಿಂಬದಿ ಪೋರ್ಟಿಗೆ ಹಾಕಿ. ಕರೆಂಟ್ ಸಾಲದಿದ್ದರೂ ಇದೇ ತರಹದ ಎರರ್ ಬರುತ್ತೆ.

ಹಾಡಿನ ಟ್ರ್ಯಾಕ್ ಇರೋ ಗೇಮ್ ಸೀಡಿಗೆ ಐಎಸ್‌ಒ (ಸಾಮಾನ್ಯ ಇಮೇಜ್ ಫೈಲ್) ಸಾಲದು. ಸೀಡಿಯ ಒಂದೊಂದು ಸೆಕ್ಟರಿನಲ್ಲಿ (ಡೇಟಾದ ತುಣುಕಿನಲ್ಲಿ) ಇರೋದು 2352 ಬೈಟ್, ಐಎಸ್‌ಒ ಇಟ್ಟುಕೊಳ್ಳೋದು ಡೇಟಾದ 2048 ಮಾತ್ರ. ಆಡಿಯೋ ಟ್ರ್ಯಾಕಿಗೆ ಅಲ್ಲಿ ಜಾಗವೇ ಇಲ್ಲ. ಅಂಥವನ್ನು ಬಿನ್/ಕ್ಯೂ ಜೋಡಿಯಾಗಿ (ಬಿನ್‌ನಲ್ಲಿ ಡೇಟಾ, ಕ್ಯೂನಲ್ಲಿ ಟ್ರ್ಯಾಕುಗಳ ಪಟ್ಟಿ) ತೆಗೀರಿ, ಎರಡೂ ಫೈಲ್ ಒಟ್ಟಿಗೇ ಇರಲಿ.

ತಟ್ಟೆವೈದ್ಯ:
ಮೊದಲು ಡಿಟಿಪಿ ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಳಬದಿಯ ಗೀರು ಅಷ್ಟು ಅಪಾಯವಲ್ಲ, ಅಲ್ಲಿ ಒಂದು ಮಿಲಿಮೀಟರಿಗಿಂತ ದಪ್ಪ ಪ್ಲಾಸ್ಟಿಕ್ ಇದೆ. ಲೇಬಲ್ ಬದಿ ಗೀರಿದ್ದರೆ ಕಷ್ಟ: ಮಿನುಗುವ ಪದರ ತೆಳು ಲೇಪದ ಕೆಳಗೇ ಇರುತ್ತೆ, ಸೂಜಿಮೊನೆಯಷ್ಟು ಬೆಳಕು ಆಚೆ ಕಂಡರೂ ಅಲ್ಲಿನ ಡೇಟಾ ಹೋಯಿತು. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೂ ಬಿದ್ದು ಎರರ್ ತಿದ್ದುವ ಕೋಡ್‌ಗೆ ನಿಭಾಯಿಸೋಕಾಗಲ್ಲ.

ಆಮೇಲೂ ಎರರ್ ಬಂದರೆ ಉಬುಂಟು ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಹಾಳಾದ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಬಳಸಿ (ಅಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ). ಸೆಕ್ಟರ್ ಗಾತ್ರ 2048 ಎಂದು ಕೊಡಲೇಬೇಕು, ಡಿಫಾಲ್ಟ್ 512. ಮ್ಯಾಪ್ ಫೈಲಿನ (ಯಾವ ಸೆಕ್ಟರ್ ಸಿಕ್ಕಿತು, ಯಾವುದು ಉಳಿಯಿತು ಅನ್ನೋ ದಾಖಲೆ) ಹೆಸರು ಕೊಡೋದು ಮರೀಬೇಡಿ, ಡಿಡಿರೆಸ್ಕ್ಯೂನ ಇಡೀ ಉಪಯೋಗವೇ ಆ ಫೈಲಿನಲ್ಲಿದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಕ್ಕಿದ್ದನ್ನು ಎತ್ತಿಕೊಂಡು, ಎರಡನೇ ಸುತ್ತಿನಲ್ಲಿ ಉಳಿದ ಸೆಕ್ಟರುಗಳಿಗೆ ಮೂರು ಮರುಪ್ರಯತ್ನ ಕೊಡಿ. ಇನ್ನೂ ಉಳಿದರೆ ಅದೇ ಡಿಸ್ಕನ್ನು ಬೇರೆ ಕಂಪನಿಯ ಡ್ರೈವಿಗೆ ಹಾಕಿ, ಅದೇ ಮ್ಯಾಪ್ ಫೈಲಿನಿಂದ ಮುಂದುವರಿಸಿ. ಒಂದು ಡ್ರೈವ್ ಕೈಬಿಟ್ಟ ಸೆಕ್ಟರನ್ನು ಇನ್ನೊಂದು ಓದೋದುಂಟು; ಮ್ಯಾಪ್ ಇದ್ದರೆ ಖಾಲಿ ಜಾಗಗಳಷ್ಟೇ ತುಂಬಿಕೊಳ್ತವೆ.

ಒಂದು ಎಚ್ಚರಿಕೆ: ಗೀರೇ ಇಲ್ಲದ ಗೇಮ್ ಸೀಡಿಯಲ್ಲಿ ಸಾಲುಸಾಲು ಎರರ್ ಬಂದರೆ ಅದು ಸೇಫ್‌ಡಿಸ್ಕ್ ತರಹದ ರಕ್ಷಣೆ ಇರಬಹುದು, ಬೇಕೆಂದೇ ಹಾಗೆ ಮಾಡಿರ್ತಾರೆ. ಅದಕ್ಕೆ ಬೇಕಾದ ಡ್ರೈವರನ್ನು ವಿಂಡೋಸ್ 10ರಲ್ಲಿ ತೆಗೆದಿದ್ದಾರೆ, ಹಾಗಾಗಿ ಮೂಲ ಡಿಸ್ಕೂ ಅಲ್ಲಿ ನಡೆಯೋದಿಲ್ಲ.

ಕಲಂ52:
ಕಾನೂನಿನ ಪ್ರಶ್ನೆಗೆ: ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ ಕಲಂ 52(1)(ಎಎ) ಪ್ರಕಾರ, ಪ್ರೋಗ್ರಾಮಿನ ಪ್ರತಿ ಕಾನೂನುಬದ್ಧವಾಗಿ ಕೈಯಲ್ಲಿರುವವರು ನಷ್ಟ, ಹಾನಿಯಿಂದ ತಾತ್ಕಾಲಿಕ ರಕ್ಷಣೆಗೆಂದು ಬ್ಯಾಕಪ್ ಮಾಡಿಕೊಳ್ಳಬಹುದು. ಆ ಪ್ರತಿಯನ್ನು ಗೆಳೆಯರಿಗೆ ಹಂಚೋಕೆ ಇದು ಅನುಮತಿಯಲ್ಲ. 2012ರಲ್ಲಿ ಸೇರಿದ ಕಲಂ 65ಎ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆ ಮುರಿಯೋದು ಅಪರಾಧ.

ಡಾಂಗಲ್ ಸೀಡಿ ಇಮೇಜಿನಲ್ಲಿ ಬರೋದಿಲ್ಲ, ಅದನ್ನು ಜೋಪಾನ ಮಾಡಿ. ಕವರಿನ ಮೇಲಿನ ಸೀರಿಯಲ್ ನಂಬರ್ ಫೋಟೋ ತೆಗೆದು ಇಮೇಜ್ ಇರೋ ಫೋಲ್ಡರಿನಲ್ಲೇ ಇಡಿ.

ಅಕ್ಷರಜೋಡಣೆ:
ತುಂಬಾ ಥ್ಯಾಂಕ್ಸ್. ಇಮೇಜನ್ನು ಮತ್ತೆ ಸೀಡಿಗೆ ಬರ್ನ್ ಮಾಡಿಡಬೇಕಾ?

ಸೆಕ್ಟರ್2048:
ಹಳೇ ಮೆಷಿನ್ನಿನಲ್ಲಿ ಎಕ್ಸ್‌ಪಿ ಬೂಟ್ ಮಾಡೋಕಾದರೆ ಮಾತ್ರ. 16ಎಕ್ಸ್‌ನಲ್ಲಿ ಬರೆದು ‘ವೆರಿಫೈ’ ಟಿಕ್ ಹಾಕಿ. ಉಳಿದ ಐಎಸ್‌ಒಗಳನ್ನು ವಿಂಡೋಸ್ 10ರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಡ್ರೈವ್ ಆಗಿ ತೆರೆದುಕೊಳ್ತವೆ. ಬರೆಯಬಹುದಾದ ಸೀಡಿಯ ಬಣ್ಣದ ಪದರ ಬಿಸಿಲು, ತೇವಕ್ಕೆ ಕೆಡುತ್ತೆ, ಅದನ್ನೊಂದೇ ನಂಬಬೇಡಿ. ಎರಡು ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಡಿ. ಸೆವೆನ್-ಜಿಪ್‌ನ ಬಲ ಕ್ಲಿಕ್ ಮೆನುವಿನಲ್ಲಿ ಎಸ್‌ಎಚ್‌ಎ-256 (ಫೈಲ್ ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆ) ಲೆಕ್ಕ ಹಾಕಿಸಿ, ಬಂದದ್ದನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಮುಂದೆ ಇನ್ನೊಂದು ಡಿಸ್ಕಿಗೆ ಸಾಗಿಸಿದಾಗ ಮತ್ತೆ ಲೆಕ್ಕ ಹಾಕಿ ಹೋಲಿಸಿ.