ಮೂರು ಜಮೀನು, ಒಂದೇ ರಸ್ತೆ, ಒಂದೇ ಒಳಚರಂಡಿ: ಖರ್ಚು ಹಂಚುವುದು ಹೇಗೆ?

ಬಡಾವಣೆಪಾಲು:
ಅಕ್ಕಪಕ್ಕದ ಮೂರು ಜಮೀನಿನವರು ಸೇರಿ ಲೇಔಟ್ ಮಾಡುತ್ತಿದ್ದೇವೆ. ಮೂರನ್ನೂ ದಾಟುವ ಹೊಸ ರಸ್ತೆ 300 ಮೀಟರ್: ಮೇಲಿನ ಜಮೀನಿನಲ್ಲಿ 100, ನಡುವಿನದರಲ್ಲಿ 120, ಕೆಳಗಿನದರಲ್ಲಿ 80. ಸೈಟುಗಳು ಕ್ರಮವಾಗಿ 24, 40, 16. ಒಳಚರಂಡಿ ಕೊಳವೆ ಇದೇ ರಸ್ತೆಯಡಿ ಇಳಿದು, ಕೆಳತುದಿಯಿಂದ ಇನ್ನೂ 120 ಮೀಟರ್ ಈಗಿರುವ ಸಾರ್ವಜನಿಕ ರಸ್ತೆಯಲ್ಲಿ ಸಾಗಿ ಮುಖ್ಯ ಕೊಳವೆ ಸೇರಬೇಕು. ಅಂದರೆ ಕೊಳವೆ 420 ಮೀಟರ್. ನೆಲ ಹೆಚ್ಚುಕಡಿಮೆ ಸಮತಟ್ಟು.

ಒಬ್ಬರು ಮೂರು ಸಮಪಾಲು ಎನ್ನುತ್ತಾರೆ, ಇನ್ನೊಬ್ಬರು ಸೈಟಿನ ಲೆಕ್ಕ, ಮತ್ತೊಬ್ಬರು ರಸ್ತೆಗೆ ತಾಗಿದ ಉದ್ದದ ಲೆಕ್ಕ. ಕೆಳಗಿನ ಜಮೀನಿನವರಿಗೆ ಇನ್ನೊಂದು ಬದಿಯಲ್ಲಿ ರಸ್ತೆ ಆಗಲೇ ಇದೆ. ಅವರ 16ರಲ್ಲಿ 6 ಸೈಟು ಮಾತ್ರ ಹೊಸ ರಸ್ತೆಗೆ ಮುಖ ಮಾಡಿವೆ, ಹಾಗಾಗಿ ಪೂರ್ತಿ ಪಾಲು ಕೊಡುವುದಿಲ್ಲ ಎನ್ನುತ್ತಿದ್ದಾರೆ. ಮೇಲ್ತುದಿಯ ಆಚೆ ಸುಮಾರು 60 ಸೈಟು ಆಗಬಹುದಾದ ಖಾಲಿ ಜಮೀನೂ ಇದೆ. ಅದಕ್ಕಾಗಿ 200 ಮಿ.ಮೀ. ಬದಲು 300 ಮಿ.ಮೀ. ಕೊಳವೆ ಹಾಕಿ ಎಂಬ ಸಲಹೆ ಬಂದಿದೆ. ಟೆಂಡರ್ ಕರೆಯುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಇನ್ವರ್ಟ್‌ಲೆವೆಲ್:
ಮೊದಲು ರಸ್ತೆ ಮತ್ತು ಒಳಚರಂಡಿಯ ಲೆಕ್ಕ ಬೇರೆ ಮಾಡಿ. ಎರಡನ್ನೂ ಒಂದೇ ಮೊತ್ತವಾಗಿಟ್ಟು ಒಂದೇ ಅನುಪಾತದಲ್ಲಿ ಹಂಚಲು ಹೋದರೆ ಯಾರಿಗಾದರೂ ಅನ್ಯಾಯ ಆಗಿಯೇ ಆಗುತ್ತದೆ. ರಸ್ತೆಯಿಂದ ಸಿಗುವ ಅನುಕೂಲ ಸೈಟಿನ ಮುಂಭಾಗಕ್ಕೆ ಸಂಬಂಧಿಸಿದ್ದು. ಒಳಚರಂಡಿಯದ್ದು ಹಾಗಲ್ಲ: ಯಾರ ನೀರು ಯಾವ ತುಂಡಿನ ಮೂಲಕ ಹರಿಯುತ್ತದೆ ಎಂಬುದೇ ಅಲ್ಲಿ ಆಧಾರ.

ಕೊಳವೆಯನ್ನು ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ತುಂಡು ಮಾಡಿ, ಪ್ರತಿ ತುಂಡಿನ ಖರ್ಚನ್ನು ಅದನ್ನು ಬಳಸುವವರ ನಡುವೆ ಮಾತ್ರ ಹಂಚಿ. ನಿಮ್ಮಲ್ಲಿ ಮೇಲಿನ 100 ಮೀಟರಿನಲ್ಲಿ ಮೇಲಿನವರ ನೀರು ಬಿಟ್ಟರೆ ಬೇರೆಯವರದ್ದಿಲ್ಲ, ಅದು ಪೂರ್ತಿ ಅವರದ್ದು. ನಡುವಿನ 120 ಮೀಟರಿನಲ್ಲಿ 24 ಮತ್ತು 40 ಸೈಟಿನ ನೀರು, ಆದ್ದರಿಂದ ಶೇ. 37.5 ಮತ್ತು ಶೇ. 62.5. ಅಲ್ಲಿಂದ ಕೆಳಗಿನ 80 ಮೀಟರ್ ಮತ್ತು ಹೊರಗಿನ 120 ಮೀಟರ್ ಮೂವರಿಗೂ ಸೇರಿದ್ದು: ಶೇ. 30, 50, 20.

ಮೀಟರ್ ಒಂದಕ್ಕೆ ಎಲ್ಲೆಡೆ ಒಂದೇ ದರವಾದರೆ ಮೇಲಿನವರಿಗೆ 205 ಮೀಟರ್, ನಡುವಿನವರಿಗೆ 175, ಕೆಳಗಿನವರಿಗೆ 40 ಮೀಟರಿನ ಖರ್ಚು ಬರುತ್ತದೆ. ಆದರೆ ದರ ಒಂದೇ ಇರುವುದಿಲ್ಲ. ಸಮತಟ್ಟು ನೆಲದಲ್ಲಿ 1.2 ಮೀಟರ್ ಆಳದಿಂದ ಹೊರಟು 250ಕ್ಕೆ 1ರ ಇಳಿಜಾರು (250 ಮೀಟರ್ ಉದ್ದಕ್ಕೆ 1 ಮೀಟರ್ ಇಳಿತ) ಕೊಟ್ಟರೆ ಮೇಲಿನ ಜಮೀನಿನ ಗಡಿಯಲ್ಲಿ ಆಳ 1.6, ನಡುವಿನದರ ಗಡಿಯಲ್ಲಿ 2.1, ಕೆಳಗಿನದರ ಗಡಿಯಲ್ಲಿ 2.4, ಮುಖ್ಯ ಕೊಳವೆಯ ಬಳಿ 2.9 ಮೀಟರ್. ಒಂದೂವರೆ ಮೀಟರ್ ದಾಟಿದ ಮೇಲೆ ಮಣ್ಣು ಕುಸಿಯದಂತೆ ಪಕ್ಕಕ್ಕೆ ಆಸರೆ ಬೇಕು, ಮ್ಯಾನ್‌ಹೋಲ್ ಎತ್ತರವಾಗುತ್ತದೆ, ಅಂತರ್ಜಲ ಸಿಕ್ಕರೆ ಪಂಪು ಓಡಬೇಕು. ತೋರಿಸುವುದಕ್ಕಷ್ಟೇ ಒಂದು ಅಂದಾಜು: ಮೀಟರ್ ದರ ಮೇಲಿನಿಂದ ಕೆಳಕ್ಕೆ 1, 1.2, 1.5, 1.7ರ ಅನುಪಾತದಲ್ಲಿದ್ದರೆ ತುಂಡುಗಳು 100, 144, 120, 204, ಒಟ್ಟು 568 ಪಾಲು. ಅದರಲ್ಲಿ ಮೇಲಿನವರಿಗೆ 251, ನಡುವಿನವರಿಗೆ 252, ಕೆಳಗಿನವರಿಗೆ 65 ಬೀಳುತ್ತದೆ. ಸಮಪಾಲಾಗಿದ್ದರೆ ಕೆಳಗಿನವರು 189 ಕೊಡಬೇಕಿತ್ತು, ಬರೀ ಸೈಟಿನ ಲೆಕ್ಕವಾದರೆ 114. ಮೂರು ವಿಧಾನಗಳ ನಡುವೆ ಇಷ್ಟು ಅಂತರ ಇರುವುದರಿಂದಲೇ ಜಗಳ ಹುಟ್ಟುವುದು.

ಎಸ್ಟಿಮೇಟ್ ಮಾಡುವವರಿಗೆ ಪರಿಮಾಣ ಪಟ್ಟಿಯನ್ನು (ಯಾವ ಕೆಲಸ ಎಷ್ಟು ಎಂಬ ಪಟ್ಟಿ) ಈ ನಾಲ್ಕು ತುಂಡಿಗೂ ಬೇರೆಬೇರೆಯಾಗಿ ಕೊಡಿ ಎಂದು ಈಗಲೇ ಹೇಳಿ. ಟೆಂಡರ್ ಆದಮೇಲೆ ಒಟ್ಟು ಮೊತ್ತವನ್ನು ಒಡೆಯಲು ಹೊರಟರೆ ಪ್ರತಿ ಅಂಕಿಗೂ ವಾದ ಶುರುವಾಗುತ್ತದೆ.

ಅಳತೆಪುಸ್ತಕ:
ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಅದರಲ್ಲಿ ಸೇರದ ಕೆಲವು ವಿಷಯ ಹೇಳುತ್ತೇನೆ.

ಹೊರಗಿನ 120 ಮೀಟರಿನಲ್ಲಿ ಸಾರ್ವಜನಿಕ ರಸ್ತೆ ಅಗೆದು ಮತ್ತೆ ಮೊದಲಿನಂತೆ ಮಾಡಿಕೊಡುವ ಖರ್ಚು ಒಳಚರಂಡಿಗೆ ಸೇರಿದ್ದು, ರಸ್ತೆಗಲ್ಲ. ಡಾಂಬರು ಎಂಬ ಕಾರಣಕ್ಕೆ ಅದನ್ನು ರಸ್ತೆಯ ಪಟ್ಟಿಗೆ ಸೇರಿಸಿಬಿಡುತ್ತಾರೆ, ಆಗ ತಪ್ಪು ಅನುಪಾತದಲ್ಲಿ ಹಂಚಿಕೆಯಾಗುತ್ತದೆ. ಮನೆ ಸಂಪರ್ಕದ ಕೊಳವೆಗಳು ಹಂಚುವ ಬಾಬತ್ತೇ ಅಲ್ಲ, ಅವರವರ ಸೈಟಿನದ್ದು ಅವರವರಿಗೆ. ಆದರೆ ಕೆಲಸ ಒಂದೇ ಗುತ್ತಿಗೆಯಲ್ಲಿ, ಒಂದೇ ಸಲ ಆಗಲಿ. ಮುಖ್ಯ ಸಾಲಿನಲ್ಲಿ ವೈ ಜೋಡಣೆ (Y ಆಕಾರದ ಕವಲು ತುಂಡು) ಕೂರಿಸಿ, ಸೈಟಿನ ಗಡಿಯಿಂದ ಒಂದು ಮೀಟರ್ ಒಳಗಿನವರೆಗೆ ಕೊಳವೆ ಒಯ್ದು, ಬಾಯಿಗೆ ಮುಚ್ಚಳ ಹಾಕಿ, ಮೇಲೆ ಗುರುತಿನ ಗೂಟ ನೆಟ್ಟು, ಹತ್ತಿರದ ಮ್ಯಾನ್‌ಹೋಲಿನಿಂದ ಅದರ ದೂರವನ್ನು ನಕ್ಷೆಯಲ್ಲಿ ಬರೆಯಬೇಕು. ಇದನ್ನು ಬಿಟ್ಟರೆ 80 ಮನೆ ಏಳುವ ಹೊತ್ತಿಗೆ ಹೊಸ ರಸ್ತೆಯನ್ನು 80 ಕಡೆ ಕತ್ತರಿಸಿರುತ್ತಾರೆ.

ರಸ್ತೆಯ 300 ಮೀಟರಿಗೆ ಮುಂಭಾಗದ ಉದ್ದವೇ ಸರಿ: 100, 120, 80. ಎರಡೂ ಬದಿ ಒಬ್ಬರದ್ದೇ ಆದ್ದರಿಂದ ಇಲ್ಲಿ ಗೊಂದಲ ಇಲ್ಲ. ಕೆಳಗಿನವರ ಮಾತಿನಲ್ಲೂ ನ್ಯಾಯ ಇದೆ. ಅವರ 80 ಮೀಟರನ್ನು ಮೇಲಿನ 64 ಸೈಟಿನವರು ದಿನವೂ ದಾಟುತ್ತಾರೆ. ಅವರ ಸ್ವಂತ ಬಳಕೆಗೆ ಸಾಕಾಗುವ ಅಗಲ ಮತ್ತು ದಪ್ಪ ಎಷ್ಟು, ದಾಟುವ ವಾಹನಗಳಿಗಾಗಿ ಹೆಚ್ಚಿಸಿದ್ದು ಎಷ್ಟು ಎಂದು ಬೇರ್ಪಡಿಸಿ. 7 ಮೀಟರ್ ಸಾಕಾಗುವಲ್ಲಿ 9 ಮೀಟರ್ ಹಾಕುತ್ತಿದ್ದರೆ ಆ 2 ಮೀಟರ್ ಮೇಲಿನ ಇಬ್ಬರದ್ದು. ಉಳಿದ 7 ಮೀಟರಿನಲ್ಲಿ ಕೆಳಗಿನವರು ಎಷ್ಟು ಕೊಡಬೇಕು ಎಂಬುದು 6 ಸೈಟಿನ ಮೇಲೆ ಮಾತಾಡಿ ತೀರ್ಮಾನಿಸುವ ವಿಷಯ. ಅವರ ಪಾಲು ತಗ್ಗಿಸಿದರೆ ಮಿಕ್ಕ ಸೈಟುಗಳಿಗೆ ಮುಂದೆ ಈ ರಸ್ತೆಗೆ ಬಾಗಿಲು ತೆರೆಯುವಾಗ ಬಾಕಿ ಕಟ್ಟಬೇಕು ಎಂಬ ಷರತ್ತು ಬರಹದಲ್ಲಿರಬೇಕು. ಮಳೆನೀರು ಚರಂಡಿಗೆ ಸೈಟಿನ ಸಂಖ್ಯೆ ಬೇಡ, ನೀರು ಹರಿದು ಬರುವ ವಿಸ್ತೀರ್ಣ ನೋಡಿ.

ಕೆಲಸದಲ್ಲಿ ಹೆಚ್ಚು ಹಣ ಹಾಳಾಗುವುದು ಕೊಳವೆ ಮುಚ್ಚುವಾಗ. ತಳಕ್ಕೆ 100 ಮಿ.ಮೀ. ಮರಳು, ಕೊಳವೆಯ ಪಕ್ಕಗಳಲ್ಲಿ ಕೈಯಿಂದ ತುಂಬಿ ಬಿಗಿ ಮಾಡಿದ ಮಣ್ಣು, ಅದರ ಮೇಲೆ 150ರಿಂದ 200 ಮಿ.ಮೀ.ನ ಪದರಗಳು. ಪ್ರತಿ ಪದರಕ್ಕೂ ನೀರು ಹದ ಮಾಡಿ ದಮ್ಮಸು ಬೀಳಬೇಕು, ರಸ್ತೆಯಡಿ ಶೇ. 95 ಸಾಂದ್ರತೆಯ (ಪ್ರಯೋಗಾಲಯದಲ್ಲಿ ಸಿಗುವ ಗರಿಷ್ಠ ಸಾಂದ್ರತೆಗೆ ಹೋಲಿಸಿ) ಪರೀಕ್ಷೆ ಆಗಬೇಕು. ಜೆಸಿಬಿಯಿಂದ ಎರಡು ಮೀಟರ್ ಮಣ್ಣು ಒಮ್ಮೆಲೇ ತಳ್ಳಿದರೆ ಮೊದಲ ಮಳೆಗಾಲದಲ್ಲೇ ಕೊಳವೆಯ ಉದ್ದಕ್ಕೂ ರಸ್ತೆ ತಗ್ಗಾಗುತ್ತದೆ. ಆಗ ಅದು ರಸ್ತೆಯ ದೋಷವೋ ಒಳಚರಂಡಿಯ ದೋಷವೋ ಎಂಬ ಪ್ರಶ್ನೆ ಎದ್ದು ಹಂಚಿಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ರಸ್ತೆಯ ಜಲ್ಲಿ ಬೀಳುವ ಮುಂಚೆಯೇ ಪ್ರತಿ ತುಂಡಿಗೂ ಸೋರಿಕೆ ತಿಳಿಯುವ ನೀರಿನ ಪರೀಕ್ಷೆ ಮತ್ತು ಕ್ಯಾಮೆರಾ ಪರೀಕ್ಷೆ ಮುಗಿಸಿ ಮೂವರೂ ಸಹಿ ಹಾಕಿ.

ಬಡಾವಣೆಪಾಲು:
ಇಬ್ಬರಿಗೂ ಧನ್ಯವಾದ. ಕೆಳಗಿನವರಿಗೆ ತುಂಡಿನ ಲೆಕ್ಕ ತೋರಿಸಿದೆ. 65 ಪಾಲಿಗೂ ತಕರಾರು ಇದೆ. "ನಮ್ಮ ಜಮೀನಿನಲ್ಲಿ ಕೊಳವೆ ಅಷ್ಟು ಆಳ ಹೋಗಿದ್ದೇ ನಿಮ್ಮಿಂದ" ಎನ್ನುತ್ತಾರೆ. ಇದು ಸರಿಯೇ? 300 ಮಿ.ಮೀ. ವಿಷಯ ಏನು ಮಾಡಲಿ?

ಇನ್ವರ್ಟ್‌ಲೆವೆಲ್:
ಅವರು ಹೇಳುವುದು ಸರಿ. ಅವರೊಬ್ಬರೇ ಆಗಿದ್ದರೆ 80 ಮತ್ತು 120, ಒಟ್ಟು 200 ಮೀಟರ್ ಕೊಳವೆ, 1.2ರಿಂದ 2 ಮೀಟರ್ ಆಳದಲ್ಲಿ ಮುಗಿಯುತ್ತಿತ್ತು. ಅದೇ ಅಂದಾಜಿನಲ್ಲಿ 80ಕ್ಕೆ 1, 120ಕ್ಕೆ 1.15 ಹಿಡಿದರೆ 218 ಪಾಲು. ಈ 218ರ ಶೇ. 20, ಅಂದರೆ ಸುಮಾರು 44, ಅವರಿಂದ ಪಡೆಯಿರಿ. ಹೆಚ್ಚಿನ ಆಳದ 21 ಪಾಲನ್ನು ಮೇಲಿನ ಇಬ್ಬರು 24ಕ್ಕೆ 40ರಂತೆ ಹಂಚಿಕೊಳ್ಳಲಿ. ಆದರೆ ಅದರ ಜೊತೆಗೆ ಇನ್ನೊಂದು ಅಂಕಿಯನ್ನೂ ಅವರ ಮುಂದಿಡಿ: ಒಬ್ಬರೇ ಮಾಡಿದ್ದರೆ ಆ 218 ಪೂರ್ತಿ ಅವರ ಕೈಯಿಂದಲೇ ಹೋಗುತ್ತಿತ್ತು. ಒಂಟಿಯಾಗಿ ಮಾಡಿದಾಗ ಆಗುವ ಖರ್ಚಿಗಿಂತ ಹೆಚ್ಚು ಯಾರ ತಲೆಯ ಮೇಲೂ ಬೀಳಬಾರದು. ಈ ಒಂದು ಪರೀಕ್ಷೆಯನ್ನು ಮೂವರಿಗೂ ಮಾಡಿ ತೋರಿಸಿದರೆ ಮಾತುಕತೆ ಬೇಗ ಮುಗಿಯುತ್ತದೆ.

300 ಮಿ.ಮೀ. ಬೇಡ. ಲೆಕ್ಕ ಹಾಕಿ ನೋಡಿ: ಖಾಲಿ ಜಮೀನೂ ಸೇರಿ 140 ಸೈಟು, ಮನೆಗೆ 5 ಜನ, ತಲೆಗೆ ದಿನಕ್ಕೆ 150 ಲೀಟರ್ ಎಂದರೆ 1,05,000 ಲೀಟರ್, ಸೆಕೆಂಡಿಗೆ ಸರಾಸರಿ 1.2. ಬೆಳಗಿನ ಒತ್ತಡಕ್ಕೆ ಮೂರು ಪಟ್ಟು ಹಿಡಿದರೂ 3.6 ಲೀಟರ್. 200 ಮಿ.ಮೀ. ಕೊಳವೆ 250ಕ್ಕೆ 1ರ ಇಳಿಜಾರಿನಲ್ಲಿ ತುಂಬಿ ಹರಿದರೆ ಸುಮಾರು 20 ಲೀಟರ್ ಒಯ್ಯುತ್ತದೆ. ದೊಡ್ಡ ಕೊಳವೆಯ ಅಪಾಯ ಬೇರೆ ಇದೆ. 300 ಮಿ.ಮೀ.ಗೆ 450ಕ್ಕೆ 1 ಸಾಕು ಎಂದು ಇಳಿಜಾರು ಕಡಿಮೆ ಮಾಡಿ ಆಳ ಉಳಿಸಲು ಹೋಗುತ್ತಾರೆ. ಆ ಇಳಿಜಾರಿನಲ್ಲಿ ಗಟ್ಟಿ ಪದಾರ್ಥ ಕೂರದಂತೆ ಬೇಕಾದ ಸೆಕೆಂಡಿಗೆ 0.6 ಮೀಟರ್ ವೇಗ ಸಿಗುವುದು ಕೊಳವೆ ಅರ್ಧವಾದರೂ ತುಂಬಿದಾಗ. ನಾಲ್ಕು ಲೀಟರ್ ನೀರು ತಳದಲ್ಲಿ ತೆಳುವಾಗಿ ಹರಿದು ಗಟ್ಟಿ ಪದಾರ್ಥ ಅಲ್ಲೇ ಕೂರುತ್ತದೆ. ನಿಮ್ಮ 200ರಲ್ಲೂ ಮೇಲ್ತುದಿಯ 24 ಸೈಟಿನ ನೀರು ತೀರಾ ಕಡಿಮೆ. ಮುಖ್ಯ ಕೊಳವೆಯ ಮಟ್ಟ ಅವಕಾಶ ಕೊಟ್ಟರೆ ಆ ತುಂಡಿಗೆ ಇನ್ನಷ್ಟು ಇಳಿಜಾರು ಕೊಡಿ, ಹಾಗೆ ಮಾಡಿದರೆ ಆಳದ ಅಂಕಿಗಳನ್ನು ಮತ್ತೆ ಹಾಕಬೇಕು.

ಖಾಲಿ ಜಮೀನಿನಿಂದ ನಿಜವಾಗಿ ಹೆಚ್ಚುವುದು ಆಳದ ಖರ್ಚು. ಅಲ್ಲಿ 150 ಮೀಟರ್ ಕೊಳವೆ ಬರುವುದಾದರೆ ನಿಮ್ಮ ಇಡೀ ಸಾಲು 0.6 ಮೀಟರ್ ಕೆಳಗೆ ಹೋಗಬೇಕು. 0.9 ಮೀಟರ್ ಅಗಲದ ಗುಂಡಿಯಲ್ಲಿ ಸುಮಾರು 227 ಘನ ಮೀಟರ್ ಹೆಚ್ಚು ಅಗೆತ, ಜೊತೆಗೆ ಆಸರೆ. ಇದನ್ನು ಆ ಜಮೀನಿನವರೋ, ಹಾಗೆ ಮಾಡಿ ಎಂದು ಒತ್ತಾಯಿಸುವವರೋ ಈಗಲೇ ಭರಿಸಬೇಕು. ಇಲ್ಲದಿದ್ದರೆ ನಿಮಗೆ ಬೇಕಾದ ಆಳಕ್ಕೆ ಹಾಕಿ.

ಕರಾರುಪತ್ರ:
ಖಾಲಿ ಜಮೀನಿನವರು ಮುಂದೆ ಬಂದು ಸೇರಿದರೆ ಇದೇ ತುಂಡಿನ ಸೂತ್ರವೇ ಮರುಪಾವತಿಗೂ ಅನ್ವಯಿಸಲಿ: ಅವರ ಪಾಲು ಮೇಲಿನ 100 ಮೀಟರಿನಲ್ಲಿ 84ರಲ್ಲಿ 60, ನಡುವಿನದರಲ್ಲಿ 124ರಲ್ಲಿ 60, ಉಳಿದದ್ದರಲ್ಲಿ 140ರಲ್ಲಿ 60. ಎಷ್ಟು ವರ್ಷದವರೆಗೆ ಈ ಹಕ್ಕು, ಬೆಲೆ ಏರಿಕೆಯನ್ನು ಯಾವ ಸೂಚ್ಯಂಕದಿಂದ ಹಿಡಿಯುವುದು ಎಂದು ಬರೆಯಿರಿ. ಆ ಜಮೀನಿನವರು ನಿಮ್ಮ ಕರಾರಿನಲ್ಲಿ ಸಹಿ ಹಾಕದಿದ್ದರೆ ಅವರನ್ನು ಅದು ಕಟ್ಟಿಹಾಕುವುದಿಲ್ಲ. ಸಂಪರ್ಕಕ್ಕೆ ಅನುಮತಿ ಕೊಡುವ ಪ್ರಾಧಿಕಾರವೇ ಈ ಷರತ್ತನ್ನು ಒಪ್ಪಿ ದಾಖಲಿಸಬೇಕು, ಅದೂ ಕೆಲಸ ಶುರುವಾಗುವ ಮೊದಲು.

ನಿಮ್ಮ ಮೂವರ ಕರಾರಿನಲ್ಲಿ ಮೊತ್ತ ಬರೆಯಬೇಡಿ, ಅನುಪಾತ ಬರೆಯಿರಿ. ಪಾವತಿ ಎಸ್ಟಿಮೇಟಿನ ಮೇಲಲ್ಲ, ಸ್ಥಳದಲ್ಲಿ ಅಳೆದ ಪರಿಮಾಣದ ಮೇಲೆ. ಬಂಡೆ ಸಿಕ್ಕರೆ ಅದು ಸಿಕ್ಕ ತುಂಡಿನ ಖರ್ಚು, ಅದರ ದರ ಟೆಂಡರಿನಲ್ಲೇ ಬೇರೆ ಇರಲಿ. ವಿನ್ಯಾಸ, ಪರವಾನಗಿ, ಮೇಲ್ವಿಚಾರಣೆಯ ಖರ್ಚು ಕೊನೆಯ ಒಟ್ಟು ಪಾಲಿನ ಅನುಪಾತದಲ್ಲೇ ಹೋಗಲಿ. ಪ್ರತಿ ಬಿಲ್ಲಿಗೆ ಮುಂಚೆ ಮೂವರ ಪಾಲೂ ಜಂಟಿ ಖಾತೆಗೆ ಬಂದಿರಬೇಕು. ಒಬ್ಬರು ತಡ ಮಾಡಿದರೆ ಗುತ್ತಿಗೆದಾರ ಕೆಲಸ ನಿಲ್ಲಿಸುತ್ತಾನೆ, ತೆರೆದ ಗುಂಡಿಗೆ ಮಳೆ ಬೀಳುತ್ತದೆ. ತಡವಾದ ಹಣಕ್ಕೆ ಬಡ್ಡಿ, ಪೂರ್ತಿ ತೀರುವವರೆಗೆ ಆ ಜಮೀನಿನ ಸೈಟುಗಳಿಗೆ ಸಂಪರ್ಕ ಇಲ್ಲ, ಇವೆರಡೂ ಸ್ಪಷ್ಟವಾಗಿರಲಿ. ಅಂದಾಜಿನ ಶೇ. 10ರಷ್ಟು ಹೆಚ್ಚುವರಿ ಹಣವನ್ನೂ ಮೊದಲೇ ತೆಗೆದಿಡಿ.

ರಸ್ತೆಯ ಮೇಲ್ಪದರವನ್ನು ಬಹುಪಾಲು ಮನೆಗಳು ಎದ್ದ ಮೇಲೆ ಹಾಕುವುದಾದರೆ ಆ ಹಣವನ್ನು ಈಗಲೇ ಠೇವಣಿ ಇಡಿಸಿ. ಆ ಹೊತ್ತಿಗೆ ಸೈಟುಗಳೆಲ್ಲ ಮಾರಾಟವಾಗಿ, ಕೇಳಲು ಹಳೆಯ ಮಾಲೀಕರು ಯಾರೂ ಇರುವುದಿಲ್ಲ. ಕರಾರು ನೋಂದಣಿಯಾಗಿ ಜಮೀನಿನ ದಾಖಲೆಯಲ್ಲೇ ಕಾಣಬೇಕು, ಕೊಂಡವರಿಗೂ ಅನ್ವಯಿಸುತ್ತದೆ ಎಂಬ ಸಾಲು ಕ್ರಯಪತ್ರದಲ್ಲಿ ಇರಬೇಕು.